ಅಭ್ಯಾಸದ ಪ್ರಶ್ನೆ

ಫುಸಿ ಬಂದಳೆಂದರೆ ಸೇಮಿಸಿಯ ಮನೆಯಲ್ಲಿ ಒಂದು ವಸ್ತು ಕಡಿಮೆಯಾಯಿತೆಂದೇ ಅರ್ಥ. ಅವಳು ಸೇಮಿಸಿಯ ಅಕ್ಕನ ಮಗಳು. ಟೊಂಗಾ ದ್ವೀಪಗಳಲ್ಲಿ ಅಕ್ಕತಂಗಿಯರ ಮಕ್ಕಳು ಸೋದರಮಾವನ ಮನೆಗೆ ಬಂದು ಬೆರಳು ತೋರಿಸಿದ್ದೆಲ್ಲ ಅವರದೇ. ಇಲ್ಲ ಅಂದವನ ಮುಖವನ್ನು ಊರಲ್ಲಿ ಯಾರೂ ನೋಡುವುದಿಲ್ಲ. ಹೋದ ವರ್ಷ ಹೊಸ ಚಾಪೆ ಹೋಗಿತ್ತು, ಆಮೇಲೆ ಕ್ರಿಸ್‌ಮಸ್‌ಗೆಂದು ಕೊಬ್ಬಿಸಿದ ಹಂದಿ. ಹಿರಿಯರು ಇದನ್ನು ಪ್ರೀತಿ ಎನ್ನುತ್ತಾರೆ. ಕೊಡುವವರ ಮಕ್ಕಳನ್ನು ಯಾರೂ ಕೇಳಿದ್ದಿಲ್ಲ.

ಈ ಸಲ ಅವಳ ಕಣ್ಣು ಬಿದ್ದದ್ದು ಸೇಮಿಸಿಯ ಮಗಳು ಪಿಸಿಲಾಳ ಫೋನಿನ ಮೇಲೆ.

"ಚೆನ್ನಾಗಿದೆ ಕಣೆ. ಕೊಡಿಲ್ಲಿ."

"ಅಕ್ಕ, ಪರೀಕ್ಷೆ ಒಂದು ಮುಗೀಲಿ. ಆವತ್ತೇ ನಾನೇ ತಂದ್ಕೊಡ್ತೀನಿ."

"ನಂಗೂ ಅದೇ ಪರೀಕ್ಷೆ ಅಲ್ವೇನೆ? ಮರ್ತ್‌ಬಿಟ್ಯಾ?"

ಪಿಸಿಲಾ ಅಪ್ಪನ ಕಡೆ ನೋಡಿದಳು. ಟಾರೊ ಗೆಡ್ಡೆ ಸುಲಿಯುತ್ತಿದ್ದ ಸೇಮಿಸಿ ತಲೆ ಎತ್ತಲಿಲ್ಲ. "ಕೊಡು" ಎಂದ. "ಬೀಗದ ನಂಬರೂ ಹೇಳು. ಅರ್ಧ ಕೊಟ್ಟು ಅರ್ಧ ಇಟ್ಕೊಳ್ಳೋ ಬುದ್ಧಿ ನಮ್ಮನೇಲಿಲ್ಲ."

"ಒಂದ್ನಿಮಿಷ ಅಕ್ಕ, ಒಳಗಿರೋದು ಸ್ವಲ್ಪ ಅಳಿಸಿ..."

"ಅಳಿಸೋವಂಥದ್ದು ಏನಿದ್ಯೆ? ಹುಡುಗನಾ?" ಫುಸಿ ನಗುತ್ತಲೇ ಕೈಯಿಂದ ಕಿತ್ತುಕೊಂಡಳು.

ಹುಡುಗ ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಫೋನಿನಲ್ಲಿದ್ದದ್ದು ಚಾಟ್‌ಬಾಟ್. ರಾಜಧಾನಿ ನುಕುಅಲೋಫಾದ ನರ್ಸಿಂಗ್ ಕಾಲೇಜಿನಲ್ಲಿ ಇವರ ದ್ವೀಪಕ್ಕೆಂದು ಇದ್ದದ್ದು ಒಂದೇ ಸೀಟು. ಬರವಣಿಗೆಯ ಪರೀಕ್ಷೆಯಲ್ಲಿ ಉಳಿದವರು ಪಿಸಿಲಾ ಮತ್ತು ಫುಸಿ, ಇಬ್ಬರೇ. ಇನ್ನು ಚರ್ಚಿನ ಸಭಾಂಗಣದಲ್ಲಿ ಊರವರ ಎದುರು ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಕೊನೆಗೆ ಒಬ್ಬರನ್ನೊಬ್ಬರು ಒಂದೊಂದು ಪ್ರಶ್ನೆ ಕೇಳಬೇಕಿತ್ತು. ಪಿಸಿಲಾಳ ತಲೆಯೊಳಗೆ ಎಲ್ಲ ಇತ್ತು, ಇಂಗ್ಲಿಷ್ ಎಂದರೆ ಮಾತ್ರ ನಾಲಗೆ ಏಳುತ್ತಿರಲಿಲ್ಲ. ಅದಕ್ಕೇ ದಿನಾ ಸಂಜೆ ಮನೆಯ ಹತ್ತಿರದ, ಹಲಸಿನಂಥ ಬ್ರೆಡ್‌ಫ್ರೂಟ್ ಮರದ ಕೆಳಗೆ ಕೂತು ಚಾಟ್‌ಬಾಟಿನ ಜೊತೆ ಅಭ್ಯಾಸ ಮಾಡುತ್ತಿದ್ದಳು. ಅದು ನಗುತ್ತಿರಲಿಲ್ಲ, ಗದರುತ್ತಿರಲಿಲ್ಲ. ತಪ್ಪಿದರೆ "ಇನ್ನೊಂದು ಸಲ ನೋಡೋಣ" ಎನ್ನುತ್ತಿತ್ತು. ಅಷ್ಟು ತಾಳ್ಮೆಯಿಂದ ಅವಳ ಜೊತೆ ಮಾತಾಡಿದವರು ಆ ಊರಲ್ಲಿ ಬೇರೆ ಇರಲಿಲ್ಲ.

ಒಂದು ಸಂಜೆ ಅದು ಕೇಳಿತ್ತು: "ಮನೆಯಲ್ಲಿ ಯಾರಾದರೂ ಕಾಯಿಲೆಯವರ ಆರೈಕೆ ಮಾಡಿದ್ದೀಯಾ?" ಪಿಸಿಲಾ ಅಳುತ್ತ ಎಲ್ಲ ಹೇಳಿಬಿಟ್ಟಿದ್ದಳು. ಅಮ್ಮನಿಗೆ ಸಕ್ಕರೆ ಕಾಯಿಲೆ, ಸಕ್ಕರೆ ತೀರಾ ಇಳಿದರೆ ಕೂಡಲೇ ಸಿಹಿ ಕೊಡಬೇಕಿತ್ತು. ಒಂದು ಮಧ್ಯಾಹ್ನ ಅಡುಗೆ ಗುಡಿಸಲಿನಿಂದ ಅಮ್ಮ ಎರಡು ಸಲ ಕೂಗಿದ್ದಳು, ಏನಾದರೂ ಸಿಹಿ ತಾ ಎಂದು. ಬೆಳಗಿನಿಂದ ನೀರು ಹೊತ್ತು ಸುಸ್ತಾಗಿದ್ದ ಪಿಸಿಲಾ ಎಚ್ಚರವಾಗಿದ್ದೂ ಕಣ್ಣು ಮುಚ್ಚಿಕೊಂಡೇ ಮಲಗಿದ್ದಳು, ಮತ್ತೊಮ್ಮೆ ಕೂಗಲಿ ಎಂದು. ಅಮ್ಮ ಮತ್ತೆ ಕೂಗಲಿಲ್ಲ. ಎದ್ದು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಮಗಳು ನಿದ್ದೆಯಲ್ಲಿದ್ದಳು ಎಂದೇ ಸೇಮಿಸಿ ನಂಬಿದ್ದ. ದುಃಖದ ನಡುವೆ ಅದೊಂದೇ ಅವನಿಗೆ ಸಮಾಧಾನ.

ಪರೀಕ್ಷೆಯ ದಿನ ಸೇಮಿಸಿ ಚರ್ಚಿಗೆ ಹೋಗುವ ಬಟ್ಟೆ ಉಟ್ಟು, ಅಲ್ಲಿನ ಮರ್ಯಾದೆಯಂತೆ ಅದರ ಮೇಲೆ ಸೊಂಟಕ್ಕೆ ಚಾಪೆ ಬಿಗಿದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನಿಗೆ ಇಂಗ್ಲಿಷ್ ಬಾರದು. ಮಗಳು ತಡವರಿಸದೆ ಮಾತಾಡುವುದನ್ನು ಕಂಡು ಪಕ್ಕದವನ ತೊಡೆ ತಟ್ಟಿದ. ಪಿಸಿಲಾ ನಿಜಕ್ಕೂ ಚೆನ್ನಾಗಿ ಮಾತಾಡಿದಳು. ಪರೀಕ್ಷೆ ಮಾಡಲು ಕಾಲೇಜಿನಿಂದ ಬಂದಿದ್ದ ಮೇಡಂ ಎರಡು ಸಲ ನಕ್ಕು ತಲೆಯಾಡಿಸಿದರು. ಸೀಟು ಕೈಗೆ ಬಂದ ಹಾಗೇ ಇತ್ತು.

ಒಬ್ಬರನ್ನೊಬ್ಬರು ಕೇಳುವ ಸರದಿ ಬಂತು. ಅತ್ತೆಯ ಮಗಳನ್ನು ಚುಚ್ಚಿ ಕೇಳುವುದುಂಟೇ? ನರ್ಸ್ ಯಾಕಾಗಬೇಕು ಎಂದಷ್ಟೇ ಪಿಸಿಲಾ ಕೇಳಿದಳು. ಫುಸಿ ಉತ್ತರಿಸಿದಳು. ಅದು ಪಿಸಿಲಾ ಮರದ ಕೆಳಗೆ ಕೂತು ತಿದ್ದಿ ತಿದ್ದಿ ಕಲಿತ ಉತ್ತರ, ಒಂದಕ್ಷರ ಆಚೀಚೆ ಇಲ್ಲ.

ಆಮೇಲೆ ಫುಸಿ ಮೇಡಂ ಕಡೆ ತಿರುಗಿ, "ಇದೊಂದನ್ನ ನಮ್ಮ ಭಾಷೇಲೇ ಕೇಳ್ತೀನಿ, ತಪ್ಪು ತಿಳ್ಕೋಬೇಡಿ" ಎಂದಳು. ಹಿಂದಿನ ಬೆಂಚಿಗೂ ಕೇಳಿಸಲಿ ಎಂದು ದನಿ ಎತ್ತಿದಳು.

"ನರ್ಸ್ ಆಗ್ತೀನಿ ಅಂತೀಯಲ್ಲ ಪಿಸಿಲಾ. ನಿಮ್ಮಮ್ಮ ಅಡುಗೆ ಗುಡಿಸಲಿಂದ ಎರಡ್ ಸಲ ಕೂಗ್ದಾಗ ನೀನು ಮಲಗಿದ್ಯಾ, ಮಲಗಿರೋ ಹಾಗೆ ನಟಿಸ್ತಿದ್ಯಾ?"

ಪಿಸಿಲಾ ಅಪ್ಪನ ಕಡೆ ನೋಡಿದಳು. ಮೇಡಂ ಕಾದರು, ಇಂಗ್ಲಿಷಿನಲ್ಲಿ ಏನೋ ಮೆಲ್ಲಗೆ ಹೇಳಿದರು, ಮತ್ತೆ ಕಾದರು. ಹಿಂದಿನ ಬೆಂಚು ಕಿರುಗುಟ್ಟಿತು. ಸೇಮಿಸಿ ಎದ್ದು ಹೊರಗೆ ಹೋದ.

ಮನೆಯಲ್ಲಿ ಅವನು ಒಂದೇ ಮಾತು ಕೇಳಿದ. "ಕೂಗಿದ್ದು ಕೇಳಿಸಿತ್ತಾ?"

"ಕೇಳಿಸಿತ್ತು ಅಪ್ಪ."

ಅಂದಿನಿಂದ ಸೇಮಿಸಿ ಮಗಳನ್ನು ಕೂಗುವುದನ್ನೇ ಬಿಟ್ಟ. ನೀರು ಬೇಕಾದರೆ ತಾನೇ ಏಳುತ್ತಾನೆ. ಊಟಕ್ಕೆ ತಾನೇ ಬಡಿಸಿಕೊಳ್ಳುತ್ತಾನೆ. ಬೈದಿದ್ದರೆ, ಹೊಡೆದಿದ್ದರೆ ಪಿಸಿಲಾ ಬದುಕಿಕೊಳ್ಳುತ್ತಿದ್ದಳು.

ಸೀಟು ಫುಸಿಗೆ ಸಿಕ್ಕಿತು. ಹೊರಡುವ ಮುಂಚೆ ಬಂದು ಫೋನನ್ನು ಚಾಪೆಯ ಮೇಲೆ ಎಸೆದಳು. "ತಗೋ, ನಂಗಿನ್ನು ಬೇಡ. ಅಪ್ಪ ಹೊಸದು ಕೊಡಿಸ್ತಾರೆ. ಅದರೊಳಗಿರೋ ನಿನ್ನ ಗೆಳತಿ ತುಂಬ ಒಳ್ಳೇದು ಕಣೆ, ಕೇಳಿದ್ದೆಲ್ಲ ಕೊಡುತ್ತೆ. ಥೇಟ್ ನಿಮ್ಮನೆಯವರ ಥರ."

ಪಿಸಿಲಾ ಮರದ ಕೆಳಗೆ ಹೋಗಿ ಫೋನು ತೆರೆದಳು. ಪರೀಕ್ಷೆಯ ಹಿಂದಿನ ದಿನ ಅವಳ ಹೆಸರಿನಲ್ಲೇ ಫುಸಿ ಬರೆದಿದ್ದಳು: "ನನ್ನ ಬಾಯಿ ಕಟ್ಟಿಹೋಗುವಂಥ ಒಂದು ಪ್ರಶ್ನೆ ಹೇಳು, ಅಭ್ಯಾಸ ಮಾಡಿಕೊಳ್ಳುತ್ತೇನೆ." ಅದರ ಕೆಳಗೆ ಉತ್ತರವಿತ್ತು. "ಇದು ನಿನಗೆ ನೋವು ಕೊಡುತ್ತದೆ ಪಿಸಿಲಾ, ಕ್ಷಮಿಸು. ಆದರೆ ಸಿದ್ಧಳಾಗಿರುವುದು ಒಳ್ಳೆಯದು." ಆಮೇಲೆ ಆ ಪ್ರಶ್ನೆ. ಫುಸಿ ಸಭೆಯಲ್ಲಿ ಕೇಳಿದ್ದು ಅದನ್ನೇ.

ಪಿಸಿಲಾ ಬೇರೆ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಕೊನೆಗೆ ಬರೆದಳು: "ಆ ಪ್ರಶ್ನೆ ಬಂತು."

"ಮೊದಲೇ ಅಭ್ಯಾಸ ಮಾಡಿಕೊಂಡದ್ದು ಒಳ್ಳೆಯದಾಯಿತಲ್ಲ" ಎಂದಿತು ಅದು. "ಏನು ಉತ್ತರ ಕೊಟ್ಟೆ?"