ಗುಂಡಮ್ಮನ ಕೆನ್ನೆ

ಅಪ್ಪ ನನ್ನನ್ನು ಮೇಡಂ ಎಂದು ಕರೆಯತೊಡಗಿ ಕೆಲವು ತಿಂಗಳಾಗಿದ್ದವು. ಮೊದಮೊದಲು ನಗು ಬರುತ್ತಿತ್ತು. ಹುಟ್ಟಿದಾಗಿನಿಂದ ಗುಂಡಮ್ಮ ಎಂದು ಕರೆಸಿಕೊಂಡವಳಿಗೆ ಏಕಾಏಕಿ ಬಡ್ತಿ! ಆಮೇಲೊಂದು ದಿನ ಊಟದ ತಟ್ಟೆ ಮುಂದಿಟ್ಟರೆ, "ನಿಮಗ್ಯಾಕೆ ತೊಂದರೆ ಮೇಡಂ, ನನ್ನ ಮಗಳು ಬರ್ತಾಳೆ" ಅಂದರು. ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಮರೆವಿನ ಕಾಯಿಲೆ. ಹಳೆಯ ಜಾಗಗಳಿಗೆ ಕರೆದುಕೊಂಡು ಹೋಗಿ ನೋಡಿ ಎಂದರು ಡಾಕ್ಟರು. ಅಪ್ಪನ ಹಳೆಯ ಜಾಗವೆಂದರೆ ಅರಮನೆ. ರಾಜರ ಕಾಲ ಮುಗಿದು ಅದು ಚಿತ್ರಶಾಲೆಯಾದಾಗ, ಹಾಳಾದ ತೈಲಚಿತ್ರಗಳನ್ನು ದುರಸ್ತಿ ಮಾಡಲು ಸೇರಿಕೊಂಡವರು ನಿವೃತ್ತಿಯವರೆಗೂ ಅಲ್ಲೇ ಇದ್ದರು. ಕೊಳೆ ತೆಗೆಯಲು ಎಂಜಲಿನಂಥ ಔಷಧಿ ಇನ್ನೊಂದಿಲ್ಲ ಎನ್ನುವುದು ಅವರ ವಾದ. ಹತ್ತಿಯನ್ನು ನಾಲಿಗೆಗೆ ತಾಗಿಸಿ ಮೆಲ್ಲಗೆ ಒರೆಸುತ್ತಿದ್ದರು. "ರಾಣಿಯರಿಗೆಲ್ಲ ಎಂಜಲು ಬಳಿದು ಸಂಬಳ ತರೋ ಗಂಡಸು ಇವರೊಬ್ಬರೇ" ಎಂದು ಅಮ್ಮ ಬದುಕಿದ್ದಷ್ಟು ಕಾಲವೂ ಛೇಡಿಸುತ್ತಿದ್ದಳು.

ನಾನು ಅವರಿಗೆ ತೋರಿಸಬೇಕೆಂದುಕೊಂಡದ್ದು ಒಂದೇ ಚಿತ್ರ. ರಾಣಿ, ಅವಳ ತೊಡೆಯ ಮೇಲೊಂದು ಹೆಣ್ಣುಮಗು. ತೇವ ತಗುಲಿ ಮಗುವಿನ ಮುಖದ ಬಣ್ಣವೆಲ್ಲ ಉದುರಿಹೋಗಿತ್ತಂತೆ. ಅದು ಹೇಗಿತ್ತೆಂದು ಹೇಳುವವರು ಯಾರೂ ಇರಲಿಲ್ಲ. ಅಪ್ಪ ಆಗಿನ್ನೂ ಪುಟ್ಟವಳಾಗಿದ್ದ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನ ಕೆನ್ನೆ, ನನ್ನ ಮೂಗು, ಕೊನೆಗೆ ನನ್ನ ಸಿಡುಕು ಬಾಯನ್ನೂ ಅಲ್ಲಿ ಬರೆದರು. ಬರೆದದ್ದು ನೀರಿನ ಬಣ್ಣದಲ್ಲಿ. "ನಾಳೆ ನನಗಿಂತ ಚೆನ್ನಾಗಿ ಬರೆಯೋನು ಬಂದ್ರೆ ಅಳಿಸೋಕೆ ಸುಲಭ ಆಗ್ಬೇಕು. ದುರಸ್ತಿ ಮಾಡೋನಿಗೆ ಜಂಭ ಇರಬಾರದು" ಎನ್ನುತ್ತಿದ್ದರು. ಅಂಥವನು ಯಾರೂ ಬರಲಿಲ್ಲ, ನಾನು ರಾಜಕುಮಾರಿಯಾಗಿಯೇ ಉಳಿದೆ. ಆ ಮುಖ ಕಂಡಾದರೂ ಅಪ್ಪ ಒಂದು ಸಲ ನನ್ನನ್ನು ಗುಂಡಮ್ಮ ಅಂದಾರು ಎಂಬುದು ನನ್ನ ಆಸೆ.

ಅರಮನೆಯೊಳಗೆ ಕಾಲಿಟ್ಟದ್ದೇ ಅಪ್ಪನ ನಡಿಗೆ ಬದಲಾಯಿತು. ಮನೆಯಲ್ಲಿ ಬಚ್ಚಲಿಗೆ ದಾರಿ ಕೇಳುವ ಮನುಷ್ಯ, ದರ್ಬಾರು ಹಾಲು ದಾಟಿ, ಮೆಟ್ಟಿಲು ಹತ್ತಿ, ನೇರ ರಾಣಿಯ ಮಲಗುವ ಕೋಣೆಗೆ ನಡೆದರು. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ. ಹಿಂದೆ ಮಂಚವಿದ್ದ ಕಡೆ ಈಗ ಅಡ್ಡಕ್ಕೆ ಹಗ್ಗ, ಹಗ್ಗದಾಚೆ ಗೋಡೆಯ ಮೇಲೆ ಚಿತ್ರ. "ಹಗ್ಗ ದಾಟ್ಬೇಡಿ" ಎಂದು ಹೇಳಿ ಕಾವಲಿನ ಹೆಂಗಸು ಬಾಗಿಲ ಬಳಿ ಹೋಗಿ ನಿಂತಳು.

ಅಪ್ಪ ಚಿತ್ರದಿಂದ ಕಣ್ಣು ಕೀಳಲಿಲ್ಲ.

"ಯಾರಪ್ಪಾ ಈ ಮಗು?" ಎಂದು ಕೇಳಿದೆ.

ಅವರ ಕಣ್ಣಂಚು ಒದ್ದೆಯಾಗಿತ್ತು. "ಸ್ವಲ್ಪ ಕರ್ಚೀಫ್ ಕೊಡಿ ಮೇಡಂ."

ಗುರುತು ಸಿಕ್ಕಿತು, ಅಳು ಬಂತು ಎಂದುಕೊಂಡೆ. ನಾನೇ, ನನ್ನ ಕೈಯಾರೆ, ಕರ್ಚೀಫು ಕೊಟ್ಟೆ. ಕುಡಿಯಲು ನೀರು ಕೊಡೋಣವೆಂದು ಬ್ಯಾಗಿನೊಳಗೆ ಬಾಟಲಿ ಹುಡುಕಿದೆ.

ತಲೆ ಎತ್ತಿದರೆ ಅಪ್ಪ ಹಗ್ಗದಾಚೆ ಇದ್ದರು. ಕರ್ಚೀಫಿನ ತುದಿಯನ್ನು ನಾಲಿಗೆಗೆ ತಾಗಿಸುವುದು, ಮಗುವಿನ ಮುಖ ಒರೆಸುವುದು, ಮತ್ತೆ ತಾಗಿಸುವುದು.

"ಅಪ್ಪಾ, ಬೇಡ!"

ಕಾವಲಿನವಳೂ ಓಡಿಬಂದಳು. ಇಬ್ಬರೂ ಸೇರಿ ಎಳೆಯುವಷ್ಟರಲ್ಲಿ ಕೆನ್ನೆ ಹೋಗಿತ್ತು, ಮೂಗು ಹೋಗಿತ್ತು. ಅಲ್ಲೆಲ್ಲ ಕ್ಯಾನ್ವಾಸಿನ ಬೂದು ಬಟ್ಟೆ ಕಾಣುತ್ತಿತ್ತು. ಬಾಯೊಂದು ಉಳಿದಿತ್ತು, ಸಿಡುಕುತ್ತ.

"ಎಷ್ಟು ಹಳೇ ಚಿತ್ರ ಗೊತ್ತೇನ್ರೀ ಇದು? ಇಂಥವರನ್ನ ಯಾಕ್ ಕರ್ಕೊಂಡ್ ಬರ್ತೀರಾ?" ಎಂದು ಕೂಗಾಡಿದ ಕಾವಲಿನವಳು, ಫೋನು ತೆಗೆದು ಮೇಲಿನವರನ್ನು ಕರೆದಳು. ಬೇರೆ ದಿನವಾಗಿದ್ದರೆ ಅವಳಿಗೆ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದೆ. ಅಲ್ಲಿದ್ದದ್ದು ನನ್ನ ಮುಖ ಎಂದೂ ಹೇಳದೆ, ಅಪ್ಪನ ತೋಳು ಹಿಡಿದುಕೊಂಡೆ.

ಅಪ್ಪ ಮಾತ್ರ ನೆಮ್ಮದಿಯಾಗಿದ್ದರು. "ಯಾರೋ ಮೇಲೆ ಬಣ್ಣ ಹಚ್ಚಿದ್ರು ಮೇಡಂ. ಕೈ ಪರವಾಗಿಲ್ಲ, ಆದ್ರೆ ಮುಖದಲ್ಲಿ ಜೀವ ಇರಲಿಲ್ಲ. ನಾಳೆ ನಮ್ಮ ಗುಂಡಮ್ಮನ್ನ ಕರ್ಕೊಂಡ್ ಬಂದು, ಸ್ಟೂಲ್ ಮೇಲೆ ಕೂರಿಸ್ಕೊಂಡು ಬರೀತೀನಿ. ಎಂಥಾ ಕೆನ್ನೆ ಅಂತೀರಿ ಅವಳದು! ಒಂದ್ ಕಡೆ ಕೂರಲ್ಲ ಅನ್ನೋದೇ ಕಷ್ಟ."

ಯಾವ ಮಾತಿಗಾಗಿ ಬಂದಿದ್ದೆನೋ ಆ ಮಾತು ಬಂದಿತ್ತು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರು, ಯಾರಿಗೋ ಹೇಳುವ ಹಾಗೆ.

"ಕರ್ಕೊಂಡ್ ಬನ್ನಿ" ಎಂದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಅಪ್ಪ ಕರ್ಚೀಫನ್ನು ನೀಟಾಗಿ ಮಡಿಸಿ ನನ್ನ ಕೈಗಿಟ್ಟರು. ಅದರ ತುದಿಯೆಲ್ಲ ತಿಳಿ ಗುಲಾಬಿ. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು, ಸಮಾಧಾನ ಮಾಡುವವರಂತೆ ಹೇಳಿದರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನೀರಿನ ಬಣ್ಣ, ಒಗೆದ್ರೆ ಹೋಗತ್ತೆ."