ಪಡು ಬಾಗಿಲಿನ ಚಪ್ಪಲಿ

ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಕೃಷ್ಣರಾಜ ಮಾಷ್ಟ್ರಿಗೆ ಹೆಂಡತಿಯನ್ನು ತಿರುಗಾಟಕ್ಕೆ ಕರೆದೊಯ್ಯುವ ಮನಸ್ಸಾಯಿತು. ಎಲ್ಲಿಗೆ? ಅವಳದೇ ತವರು ಕಾರ್ಕಳಕ್ಕೆ! "ಹಳೇ ಪೇಟೆ ಸರಿಯಾಗಿ ತೋರಿಸುತ್ತೇನೆ, ನೀನು ನೋಡಿದ್ದೇ ಇಲ್ಲ" ಎಂದರು. ಆ ಪೇಟೆಯಲ್ಲೇ ಲಂಗ ಎತ್ತಿ ಕಟ್ಟಿಕೊಂಡು ಓಡಿ ಬೆಳೆದ ವನಜಾಕ್ಷಿ ಸುಮ್ಮನೆ ಉಡುಪಿಯಿಂದ ಕಾರು ಹತ್ತಿದಳು. ಇವತ್ತೊಂದು ದಿನವಾದರೂ ತನ್ನ ಊರಿನ ಬಗ್ಗೆ ಇವರ ಬಾಯಿಂದ ಒಂದು ಒಳ್ಳೆಯ ಮಾತು ಬಂದೀತು ಎಂಬುದಷ್ಟೇ ಅವಳ ಆಸೆ.

ರಥಬೀದಿಯಲ್ಲಿ ಮಾಷ್ಟ್ರು ಮೂರು ಅಂಗಡಿಯ ಬೋರ್ಡಿನಲ್ಲಿ ಕಾಗುಣಿತದ ತಪ್ಪು ಹುಡುಕಿದರು. "ನಿಮ್ಮ ಕಾರ್ಕಳದವರಿಗೆ ಮಹಾಪ್ರಾಣವೇ ಇಲ್ಲ ಮಾರಾಯ್ತಿ." ಹೋಟೆಲಿನ ಗೋಳಿಬಜೆ ಉಡುಪಿಯದರ ಕಾಲಧೂಳಿಗೂ ಸಮವಲ್ಲ ಎಂದರು. ಎರಡನೇ ಪ್ಲೇಟು ಖಾಲಿ ಮಾಡಿದ ಮೇಲೆ ಅಂದ ಮಾತು ಅದು.

ಆಮೇಲೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ತೆರನಾದ ನಾಲ್ಕು ಬಾಗಿಲು. ಪಡು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೊಕ್ಕ ಮಾಷ್ಟ್ರು ಶಿಲ್ಪಶಾಸ್ತ್ರ ಬಿಚ್ಚುತ್ತ ಬಿಚ್ಚುತ್ತ ತೆಂಕು ಬಾಗಿಲಿಂದ ಹೊರಬಿದ್ದರು.

"ನಾವು ಬಂದದ್ದು ಇದರಲ್ಲಲ್ಲ" ಎಂದಳು ವನಜಾಕ್ಷಿ.

"ನೀನು ಸುಮ್ಮನಿರು."

ಅವಳು ಸುಮ್ಮನೆ ಸುತ್ತು ಹಾಕಿ, ತನ್ನ ಚಪ್ಪಲಿ ಮೆಟ್ಟಿಕೊಂಡು ಬಂದಳು. ಅಷ್ಟರಲ್ಲಿ ಮಾಷ್ಟ್ರು ಬಸದಿಯ ಅಂಗಳ ಗುಡಿಸುತ್ತಿದ್ದ, ವನಜಾಕ್ಷಿಗೆ ಹಳೇ ಪರಿಚಯದ ಚಂದುವಿನ ಮೇಲೆ ಹರಿಹಾಯುತ್ತಿದ್ದರು. ಕಾದ ಕಲ್ಲಿನ ಮೇಲೆ ಒಂದು ಕಾಲೆತ್ತಿ ಇನ್ನೊಂದು ಇಡುತ್ತ, "ಹೊಸ ಚಪ್ಪಲಿ! ನೀನಲ್ಲದೆ ಇಲ್ಲಿ ಇನ್ನು ಯಾರಿದ್ದಾರೆ? ಕಾರ್ಕಳದವರ ಬುದ್ಧಿ ನನಗೆ ಗೊತ್ತಿಲ್ವಾ?"

ಚಂದು ತನ್ನ ಬರಿಗಾಲು ಮುಂದೆ ಚಾಚಿದ. "ನೋಡಿ ಮಾಷ್ಟ್ರೇ, ನನ್ನದು ಹತ್ತು ನಂಬ್ರದ ಕಾಲು. ನಿಮ್ಮ ಚಪ್ಪಲಿ ನನ್ನ ಹೆಬ್ಬೆರಳಿಗೂ ಸಾಲದು."

"ಅಧಿಕಪ್ರಸಂಗ! ಪೊಲೀಸರಿಗೆ ಹೇಳುತ್ತೇನೆ!"

ಹೆಂಡತಿಯ ಕಾಲಲ್ಲಿ ಚಪ್ಪಲಿ ಇರುವುದು ಈ ಪಂಡಿತರ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ.

"ನಿಮ್ಮದು ಪಡು ಬಾಗಿಲಲ್ಲಿ ಉಂಟು" ಎಂದಳು ವನಜಾಕ್ಷಿ.

ಮಾಷ್ಟ್ರು ತಡವರಿಸಿದರು. "ಹಾಗಾದರೆ ತೆಗೆದುಕೊಂಡು ಬಾ."

"ನೀವೇ ಹೋಗಿ. ಬಂದು ಇವರ ಹತ್ತಿರ ತಪ್ಪಾಯ್ತು ಅಂತ ಒಂದು ಮಾತು ಹೇಳಿ."

ಮಾಷ್ಟ್ರು ಕುಪ್ಪಳಿಸುತ್ತ ಹೋದರು. ಚಪ್ಪಲಿ ಮೆಟ್ಟಿಕೊಂಡು ಮರಳುವಾಗ ಗತ್ತು ಪೂರಾ ವಾಪಸ್ಸು ಬಂದಿತ್ತು. ಚಂದುವಿನತ್ತ ನೋಡದೆ, "ಯಾರೋ ತೆಗೆದು ಅಲ್ಲಿಟ್ಟಿದ್ದಾರೆ. ನಾನು ಜೋರಾಗಿ ಕೇಳಿದ್ದರಿಂದ ಸಿಕ್ಕಿತು. ನಡೆ, ಮನೆಗೆ ಹೋಗುವ" ಎಂದರು.

ವನಜಾಕ್ಷಿಗೆ ಸಿಟ್ಟೂ ಬರಲಿಲ್ಲ. ಇಷ್ಟು ಸಣ್ಣ ಮನುಷ್ಯನಿಂದ ತನ್ನ ಊರಿಗೆ ಹೊಗಳಿಕೆ ಬೇಕಾಗಿತ್ತೇ ಎಂದು ನಾಚಿಕೆಯಾಯಿತು.

"ಇವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಚಂದಣ್ಣ" ಎಂದು, ಗಂಡನ ಕಡೆ ತಿರುಗಿದಳು. "ನೀವು ಹೋಗಿ. ಪೇಟೆ ಇನ್ನೂ ಅರ್ಧ ಬಾಕಿ ಉಂಟು. ನಾನು ನೋಡಿ ಬಸ್ಸಿಗೆ ಬರುತ್ತೇನೆ."

"ಒಬ್ಬಳೇ ಎಂತ ನೋಡುವುದು? ನಿನಗೆ ಎಂತ ಗೊತ್ತುಂಟು?"

"ಯಾವ ಬಾಗಿಲಿಂದ ಬಂದೆ ಅಂತ ಗೊತ್ತುಂಟು."

ಚಂದು ಕಸಬರಿಕೆಯ ಮರೆಯಲ್ಲಿ ನಕ್ಕ. ಅವಳು ಮೆಟ್ಟಿಲಿಳಿದು ಆನೆಕೆರೆಯ ದಾರಿ ಹಿಡಿದಳು. ಹಿಂದಿನಿಂದ ಮಾಷ್ಟ್ರು ಕರೆಯುತ್ತಲೇ ಇದ್ದರು.