ತರುವಾಯದ ಆಚೆಗಿನ ಸುದ್ದಿ

ಅಮ್ಮಿನಬಾವಿಯ ಶರೀಫಸಾಬರು ಮೂವತ್ತೈದು ವರ್ಷ ಟಪಾಲು ಹಂಚಿದವರು. ಬರೆಯಲು ಬಾರದವರ ಪತ್ರಗಳನ್ನೂ ಅವರೇ ಬರೆಯುತ್ತಿದ್ದರು. ಈಗ ಅದೇ ಪತ್ರಗಳನ್ನು ಒಂದೇ ಬೆರಳಿನಿಂದ ವಾಟ್ಸಾಪಿನಲ್ಲಿ ಬರೆಯುತ್ತಾರೆ. ಮೊದಲು ಆಶೀರ್ವಾದ, ಆಮೇಲೆ 'ಇತ್ತ ನಾವೆಲ್ಲ ಕ್ಷೇಮ', ಆಮೇಲೆ ಮಳೆ, ಬೆಳೆ, ಎಮ್ಮೆ. ಕೆಟ್ಟ ಸುದ್ದಿ ಯಾವತ್ತಿದ್ದರೂ ಕೊನೆಯಲ್ಲಿ, 'ತರುವಾಯ' ಎಂಬ ಮಾತಿನ ಆಚೆ. ಓದುವವರ ಎದೆ ಗಟ್ಟಿಯಾಗಲು ಅಷ್ಟು ದೂರ ಬೇಕೆಂಬುದು ಅವರ ನಂಬಿಕೆ. ಫೋನಿಗೆ ಈ ನಂಬಿಕೆ ಇಲ್ಲ. ಉದ್ದದ ಸಂದೇಶವನ್ನು ಅದು ನಡುವೆಯೇ ಕಡಿದು, ಕೆಳಗೆ 'ಇನ್ನಷ್ಟು ಓದಿ' ಎನ್ನುತ್ತದೆ. ಒತ್ತುವ ಪುರುಸೊತ್ತು ಯಾರಿಗಿದೆ.

ಸೋಮವಾರ ದೇವಕ್ಕ ತನ್ನ ಫೋನು ತಂದು ಅವರ ಕೈಗಿಟ್ಟಳು. ಗುರುವಾರ ಅವಳಿಗೆ ಹೃದಯದ ಆಪರೇಷನ್. ಅದಕ್ಕೂ ಮೊದಲು ತಮ್ಮ ಬೀರಲಿಂಗನ ಮುಖ ನೋಡಬೇಕು. ಗೋಪನಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬೀರಲಿಂಗ, ಮಗಳ ಮದುವೆಗೆ ಮನೆಗೆ ಬಂದು ಕರೆಯದೆ ಫೋನಿನಲ್ಲೇ ಕಾರ್ಡು ಕಳಿಸಿದ್ದ. ದೇವಕ್ಕ ಹೋಗಲಿಲ್ಲ. ಅಂದಿನಿಂದ ಆತ ಅವಳ ಫೋನು ಎತ್ತುವುದಿಲ್ಲ.

"ನಿನ್ನ ಮಗಾ ದುರ್ಗೇಶ ಬರೀತೇನಿ ಅಂದಿದ್ನಲ್ಲವಾ?"

"ಬರದಿದ್ದ. 'ಮಾಮಾ, ಅವ್ವಂದು ಆಪರೇಷನ್ ಐತಿ, ಲಗೂ ಬಾ.' ಅಷ್ಟ. ನಾಯಿಗೆ ಕರದಂಗ. ಕಳಸೂಕಿಂತ ಮೊದ್ಲ ಅಳಿಸಿ ಹಾಕಿಸಿದೆ. ನೀವು ಪದ್ಧತಿ ಪ್ರಕಾರ ಬರೀರಿ ಸಾಬರ."

ಸಾಬರು ಮುಕ್ಕಾಲು ತಾಸು ಬರೆದರು.

"ಎಮ್ಮಿ ಈದದ್ದು ಹಾಕೀರೇನ್ರಿ?"

"ಹಾಕೇನಿ. ಹೆಣ್ಣ ಕರಾ ಅಂತನೂ ಹಾಕೇನಿ."

ಕೊನೆಗೆ 'ತರುವಾಯ, ಉಳಿಯುವ ಖಾತ್ರಿ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ, ಒಮ್ಮೆ ಬಂದು ಮುಖ ತೋರಿಸು' ಎಂಬಲ್ಲಿ ಓದಿ ಮುಗಿಸಿದಾಗ ದೇವಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬರ್ತಾನ ಬಿಡ್ರಿ," ಎಂದಳು.

ಮಂಗಳವಾರ ಉತ್ತರ ಬಂತು. ದೇವಕ್ಕ ಮತ್ತೆ ಫೋನು ತಂದು ಸಾಬರ ಕೈಗಿಟ್ಟಳು. ಬಂದದ್ದನ್ನು ಬಂದಂತೆ ಓದಿಬಿಡುವುದು ಸಾಬರ ಹಳೆಯ ಚಟ.

"ಅಕ್ಕಾ, ಓದಿ ಭಾಳ ಸಂತೋಷ ಆತು."

"ಇನ್ನೊಮ್ಮೆ ಓದ್ರಿ."

ಓದಿದರು.

"ಸಂತೋಷ ಅಂತನ?"

"ಹೌದವಾ. ಕೈ ಮುಗದದ್ದೊಂದು ಚಿತ್ರಾನೂ ಐತಿ."

ದುರ್ಗೇಶ ಅಂಗಡಿಗೇ ಹೋಗಿ ಮಾಮಾನನ್ನು ಕೇಳುತ್ತೇನೆಂದು ಹೊರಟ. ದೇವಕ್ಕ ಆಣೆ ಹಾಕಿ ಕೂರಿಸಿದಳು. ಗುರುವಾರ ಆಪರೇಷನ್ನಿಗೆ ಒಳಗೆ ಹೋದವಳು ಎಚ್ಚರಾಗಲಿಲ್ಲ.

ಶುಕ್ರವಾರ ಮಣ್ಣಿಗೆ ಬೀರಲಿಂಗ ಬಂದ. ನೇರವಾಗಿ ಸಾಬರ ಎದುರು ನಿಂತ.

"ಎಲ್ಲಾರೂ ಕ್ಷೇಮ ಅಂತ ಬರದೀರಲ್ರಿ ಸಾಬರ. ಸಾಲು ನೋಡಿದ ಕೂಡ್ಲೆ ನಿಮ್ಮದ ಅಂತ ಗೊತ್ತಾತು. ಎಮ್ಮಿ ಸುದ್ದಿ ಹೇಳ್ಯಾಳ, ಅಕ್ಕನ ಸಿಟ್ಟು ಇಳದೈತಿ ಅನ್ಕೊಂಡು ಗಿರಾಕಿ ನಿಲ್ಲಿಸಿ ಉತ್ತರ ಹಾಕಿದೆ."

ಸಾಬರು ಅವನ ಫೋನು ಇಸಿದುಕೊಂಡು 'ಇನ್ನಷ್ಟು ಓದಿ' ಒತ್ತಿ ವಾಪಸು ಕೊಟ್ಟರು. ಬೀರಲಿಂಗ ನಿಂತಲ್ಲೇ ಓದಿದ. ಮತ್ತೊಮ್ಮೆ ಓದಿದ.

"ನಾ ಬರದದ್ದು ಅಕ್ಕಗ ಮುಟ್ಟಿತ್ತೇನ್ರಿ?"

"ಇಲ್ಲಪಾ," ಎಂದರು ಸಾಬರು. "ಆಮ್ಯಾಲ ಫೋನ ತಗದಿಲ್ಲ ಆಕಿ."

ಮುಟ್ಟಿದ ಟಪಾಲನ್ನು ಮುಟ್ಟಿಲ್ಲವೆಂದು ಅವರು ಹೇಳಿದ್ದು ಅದೇ ಮೊದಲು. ಬೀರಲಿಂಗ ತನ್ನ ಉತ್ತರದ ತನಕ ಪರದೆ ಸರಿಸಿದ. ಅದರ ಪಕ್ಕ, ಓದಿಯಾಗಿದೆ ಎಂದು ಹೇಳುವ ಎರಡು ನೀಲಿ ಗೆರೆಗಳಿದ್ದವು. ಸಾಬರ ಕಡೆ ನೋಡಲಿಲ್ಲ. ಫೋನು ಕಿಸೆಗೆ ಹಾಕಿಕೊಂಡು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.